ಬ್ಯಾಂಡ್ ರಿಪೇರಿ ಮಾಡಿಸೋದಾ, ತೆಗೆಸೋದಾ: ಎರಡೂ ಮಾಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೆಗೆಸುವುದಕ್ಕೆ. ತೂಕ ಇಳಿಸಲು ಜಠರದ ಮೇಲ್ಭಾಗಕ್ಕೆ ಉಂಗುರದ ಹಾಗೆ ಹಾಕಿಸಿಕೊಂಡ ಬ್ಯಾಂಡ್ ಒಂದು ಸಲ ಜಾರಿದ ಮೇಲೆ ಅದರ ಹಿಂದೆ ಬೀಳುವುದಕ್ಕಿಂತ ಹೊರಗೆ ಹಾಕಿಸುವುದೇ ವಾಸಿ. ನಾನು ಎರಡನ್ನೂ ನೋಡಿದ್ದೇನೆ. ಜಾರಿದ ಬ್ಯಾಂಡನ್ನು ಮೊದಲಿನ ಜಾಗಕ್ಕೆ ಕೂರಿಸಿ ಮತ್ತೆ ಹೊಲಿಸಿಕೊಂಡೆ, ಕೆಲವು ವರ್ಷ ಅದರ ಜೊತೆ ಏಗಿದೆ, ನಡುವೆ ಅದನ್ನು ಬಿಗಿ ಮಾಡಲು ಒಳಗೆ ತುಂಬಿದ್ದ ನೀರೆಲ್ಲ ತೆಗೆಸಿ ಖಾಲಿ ಬ್ಯಾಂಡನ್ನೇ ಒಳಗಿಟ್ಟುಕೊಂಡು ಓಡಾಡಿದೆ, ಕೊನೆಗೆ ತೆಗೆಸಿದೆ. ನನ್ನ ಜೊತೆಗೇ ಬ್ಯಾಂಡ್ ಹಾಕಿಸಿಕೊಂಡಿದ್ದ ಗೆಳತಿ ಅದನ್ನು ತೆಗೆಸಿ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಸೇರಿಸುವ ಆಪರೇಷನ್, ಹೃದಯದ್ದಲ್ಲ) ಮಾಡಿಸಿಕೊಂಡಳು. ಅವಳದನ್ನೂ ಹತ್ತಿರದಿಂದ ನೋಡಿದ್ದೇನೆ. ಸ್ಲೀವ್ ಅನ್ನುವ ಇನ್ನೊಂದು ತೂಕ ಇಳಿಸುವ ಆಪರೇಷನ್ ಬಗ್ಗೆ ಮಾತ್ರ ಸ್ವಂತ ಅನುಭವ ಇಲ್ಲ, ಯಾಕೆ ಬೇಡ ಅಂದೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಬ್ಯಾಂಡ್ ಹೇಗೆ ಕೆಲಸ ಮಾಡುತ್ತದೆ ಅಂತ ಬರೆಯುವುದಿಲ್ಲ. ಇದನ್ನು ಓದುವವರ ಹೊಟ್ಟೆಯಲ್ಲೇ ಅದು ಇರುತ್ತದೆ, ಅಲ್ವಾ? ಆದರೆ ಅದರ ಕಾಲ ಮುಗಿಯುತ್ತಾ ಬಂದಿದೆ ಅನ್ನುವುದನ್ನು ಲೆಕ್ಕಕ್ಕೆ ತಗೊಳ್ಳಬೇಕು. 1993ರಲ್ಲಿ ಬೆಲ್ಜಿಯಂನಲ್ಲಿ ಮೊದಲ ಸಲ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಚಿಕ್ಕ ತೂತುಗಳ ಮೂಲಕ, ಹಾಕಿದರು. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬ್ಯಾಂಡಿನ ಒಂದು ಬ್ರ್ಯಾಂಡ್ ಆದ ಲ್ಯಾಪ್-ಬ್ಯಾಂಡ್‌ಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಸುಮಾರು ಹತ್ತು ವರ್ಷ ಎಲ್ಲರ ಬಾಯಲ್ಲೂ ಅದೇ. ಈಗ ಸ್ಲೀವ್ ಮತ್ತು ಬೈಪಾಸ್‌ಗಳ ಮುಂದೆ ಅದನ್ನು ಹೊಸದಾಗಿ ಹಾಕುವವರು ಬಹಳ ಕಡಿಮೆ. ಅಂದರೆ ಇವತ್ತು ರಿಪೇರಿ ಮಾಡಿಸಿದರೆ ಮುಂದೆ ವರ್ಷಗಟ್ಟಲೆ ಅದಕ್ಕೆ ಸೂಜಿ ಹಾಕಿ, ನೀರು ಹೆಚ್ಚು ಕಡಿಮೆ ಮಾಡಿ ಬಿಗಿಯ ಹದ ನೋಡಿಕೊಡುವ ಕೈಗಳು ಎಲ್ಲಿ ಸಿಗುತ್ತವೆ ಅಂತಲೂ ಯೋಚಿಸಬೇಕು. ನನಗೆ ಹಾಕಿದ ಸರ್ಜನ್ ಬ್ಯಾಂಡ್ ಕೆಲಸವನ್ನೇ ಬಿಟ್ಟು ಎಷ್ಟೋ ಕಾಲವಾಯಿತು.

ಕೆಲವು ಸಂದರ್ಭಗಳಲ್ಲಿ ಈ ಹೋಲಿಕೆಯೇ ಬೇಕಿಲ್ಲ. ಬ್ಯಾಂಡ್ ಜಠರದ ಗೋಡೆಯನ್ನು ಕೊರೆದು ಒಳಗೆ ಇಳಿದಿದ್ದರೆ ತೆಗೆಸಲೇಬೇಕು, ಬೇರೆ ಮಾತಿಲ್ಲ. ಇದ್ದಕ್ಕಿದ್ದ ಹಾಗೆ ಬಿಗಿ ಅನ್ನಿಸುವುದೇ ನಿಂತುಹೋದರೆ, ಅಥವಾ ಹಾಕಿಸಿ ವರ್ಷಗಳಾದ ಮೇಲೆ ಪೋರ್ಟಿನ (ನೀರು ತುಂಬಲು ಚರ್ಮದ ಕೆಳಗೆ ಕೂರಿಸಿದ ಬಿಲ್ಲೆಯ) ಜಾಗ ಕೆಂಪಾಗಿ ಕೀವು ಕಂಡರೆ, ಮೊದಲು ಎಂಡೋಸ್ಕೋಪಿ ಮಾಡಿಸಿ. ಎಷ್ಟೋ ಸಲ ಕೊರೆದಿರುವುದರ ಮೊದಲ ಸುಳಿವೇ ಅದು. ಇನ್ನೊಂದು, ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಎಂಜಲು ಕೂಡ ಇಳಿಯದಿದ್ದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಜಾರಿದ ಬ್ಯಾಂಡ್ ಜಠರಕ್ಕೆ ರಕ್ತ ಹೋಗುವುದನ್ನೇ ತಡೆಯಬಹುದು.

ಪೋರ್ಟ್ ಮಗುಚಿಕೊಂಡಿದ್ದರೆ, ಅಲ್ಲಿಂದ ಬ್ಯಾಂಡಿಗೆ ಹೋಗುವ ಟ್ಯೂಬ್ ಸೋರುತ್ತಿದ್ದರೆ, ಉಳಿದದ್ದೆಲ್ಲ ಚೆನ್ನಾಗಿದ್ದರೆ, ರಿಪೇರಿಯೇ ಸರಿ. ಚಿಕ್ಕ ಕೆಲಸ, ಚರ್ಮದ ಕೆಳಗೇ ಮುಗಿಯುತ್ತದೆ.

ಈಗ ನನ್ನನ್ನು ಸುಸ್ತು ಮಾಡಿದ ವಿಷಯ. ಅದು ರಾತ್ರಿಯದು.

ಹಗಲು ಎಲ್ಲ ಸರಿಯಾಗೇ ಇರುತ್ತಿತ್ತು. ತುತ್ತು ಚಿಕ್ಕದು, ಅಗಿಯುವುದು ನಿಧಾನ, ಊಟದ ಜೊತೆ ನೀರಿಲ್ಲ, ಎಲ್ಲ ನಿಯಮವೂ ಪಾಲಿಸುತ್ತಿದ್ದೆ. ರಾತ್ರಿ ಅಡ್ಡಾದ ಸ್ವಲ್ಪ ಹೊತ್ತಿಗೆ ಗಂಟಲಿಗೆ ನೀರು ಬರುತ್ತಿತ್ತು. ಹುಳಿ ನೀರಲ್ಲ, ಒಂಥರಾ ಲೋಳೆ, ಅದರಲ್ಲಿ ಸಂಜೆ ತಿಂದದ್ದರ ವಾಸನೆ. ಕೆಮ್ಮು ಹತ್ತಿದರೆ ನಿಲ್ಲುವುದೇ ಇಲ್ಲ. ಎದ್ದು ಕೂತರೆ ಸುಧಾರಿಸುತ್ತದೆ, ಮಲಗಿದರೆ ಮತ್ತೆ ಶುರು. ದಿಂಬಿನ ಮೇಲೆ ದಿಂಬು ಪೇರಿಸಿ ಅರ್ಧ ಕೂತ ಹಾಗೆ ನಿದ್ದೆ ಮಾಡುವುದನ್ನೇ ರೂಢಿ ಮಾಡಿಕೊಂಡಿದ್ದೆ. ಬೆಳಿಗ್ಗೆ ದಿಂಬಿನ ಕವರ್ ಮೇಲೆ ಒಣಗಿದ ಕಲೆ, ಗಂಟಲು ಬೊಗಸೆ ಮರಳು ನುಂಗಿದ ಹಾಗೆ.

ಎದೆಯುರಿ ಅಂದುಕೊಂಡು ಆಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟರು. ಅಲರ್ಜಿ ಕೆಮ್ಮು ಅಂತ ಸಿರಪ್ ಕೊಟ್ಟರು. ಆಸ್ತಮಾ ಇರಬಹುದು ಅಂತ ಇನ್‌ಹೇಲರ್ ಕೂಡ ಬಂತು. ಯಾವುದೂ ನಾಟಲಿಲ್ಲ. ಕೊನೆಗೆ ಒಳಗಿನ ದಾರಿ ಚಿತ್ರದಲ್ಲಿ ಕಾಣಲಿ ಅಂತ ಬೇರಿಯಂ ಅನ್ನುವ ದ್ರವ ಕುಡಿಸಿ ಎಕ್ಸ್‌ರೇ ತೆಗೆದಾಗ ಕಂಡಿತು: ಬ್ಯಾಂಡ್ ಜಾರಿದೆ, ಅದರ ಮೇಲಿನ ಚೀಲ ದೊಡ್ಡದಾಗಿದೆ, ಅನ್ನನಾಳ ಅಗಲವಾಗಿದೆ, ಬೇರಿಯಂ ಕೆಳಗೆ ಇಳಿಯದೆ ಮೇಲೇ ನಿಂತಿದೆ. ಮೇಲೆ ನಿಂತದ್ದು ಮಲಗಿದಾಗ ಬಾಯಿಗೆ ಬರದೆ ಇನ್ನೆಲ್ಲಿ ಹೋಗಬೇಕು? ಆಸಿಡ್ ಮಾತ್ರೆಗೆ ಅಲ್ಲಿ ಕೆಲಸವೇ ಇಲ್ಲ. ಆ ಲೋಳೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಬ್ಯಾಂಡ್ ಇದ್ದು ರಾತ್ರಿ ಕೆಮ್ಮು ಇರುವವರು ದಯವಿಟ್ಟು ಸಿರಪ್ ಕುಡಿಯುತ್ತಾ ಕೂರಬೇಡಿ.

ರಿಪೇರಿ ಮಾಡಿಸಿದ್ದು ಇದಕ್ಕೇ. ಬ್ಯಾಂಡ್ ಜಾಗಕ್ಕೆ ಬಂತು, ಎಕ್ಸ್‌ರೇಯಲ್ಲಿ ನೋಡಲು ಚೆನ್ನಾಗಿತ್ತು, ಎಲ್ಲರಿಗೂ ಸಮಾಧಾನ. ಆದರೆ ಹದ ಸಿಗಲಿಲ್ಲ. ತೂಕ ಇಳಿಯುವಷ್ಟು ಬಿಗಿ ಮಾಡಿದರೆ ರಾತ್ರಿ ಕೆಮ್ಮು, ರಾತ್ರಿ ನಿದ್ದೆ ಬರುವಷ್ಟು ಸಡಿಲ ಮಾಡಿದರೆ ಹಗಲು ಹಸಿವು. ಒಂದೇ ಬ್ಯಾಂಡ್, ಒಳಗೆ ಅಷ್ಟೇ ನೀರು, ಆದರೂ ಬೆಳಿಗ್ಗೆ ಚಹಾ ಕೂಡ ಇಳಿಯದಷ್ಟು ಬಿಗಿ, ಸಂಜೆಗೆ ಏನು ಬೇಕಾದರೂ ಇಳಿಯುತ್ತದೆ. ಕ್ಲಿನಿಕ್‌ನಲ್ಲಿ ಮಧ್ಯಾಹ್ನ ನೆಟ್ಟಗೆ ಕೂರಿಸಿ, ನೀರು ಕುಡಿಸಿ ನೋಡಿದ ಹದ, ರಾತ್ರಿ ಮಲಗಿದ ಮೇಲೆ ಎಷ್ಟು ಸರಿಯಿರುತ್ತದೆ ನೀವೇ ಹೇಳಿ. ಜೊತೆಗೆ ಒಂದು ಚೋದ್ಯ ನೋಡಿ. ಬ್ಯಾಂಡ್ ಬಿಗಿಯಿದ್ದಾಗ ಮಾಂಸ, ಬ್ರೆಡ್, ಹಸಿ ತರಕಾರಿ ಎಲ್ಲ ಸಿಕ್ಕಿಹಾಕಿಕೊಳ್ಳುತ್ತವೆ. ಐಸ್‌ಕ್ರೀಂ, ಚಾಕೊಲೇಟ್, ಮಿಲ್ಕ್‌ಶೇಕ್ ಸಲೀಸಾಗಿ ಜಾರಿ ಹೋಗುತ್ತವೆ. ಹಸಿದ ಹೊಟ್ಟೆ ಯಾವುದು ಇಳಿಯುತ್ತದೋ ಅದನ್ನೇ ಕೇಳುತ್ತದೆ. ಬಿಗಿ ಜಾಸ್ತಿ ಆದ ತಿಂಗಳುಗಳಲ್ಲೇ ನನ್ನ ತೂಕ ಏರಿದ್ದು.

ಆಮೇಲೆ ಖಾಲಿ ಮಾಡಿಸಿದೆ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಯಾವ ನಿರ್ಧಾರಕ್ಕೂ ಮುಂಚೆ ಎಲ್ಲರೂ ಮಾಡಿಸಬೇಕಾದದ್ದು ಇದೊಂದೇ ಅನ್ನಿಸುತ್ತದೆ. ಮಂಚದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆ ಬಿಗಿ ಹಿಡಿದು ತಲೆ ಸ್ವಲ್ಪ ಎತ್ತಿ ಅಂದರು. ಹಾಗೆ ಮಾಡಿದರೆ ಪೋರ್ಟ್ ಬೆರಳಿಗೆ ಸಿಗುತ್ತದೆ. ಎರಡು ಬೆರಳಲ್ಲಿ ಅದನ್ನು ಹಿಡಿದು ನಡುವೆ ಸೂಜಿ ಇಳಿಸಿದಾಗ ಚರ್ಮದ ಹತ್ತಿರ ಚುಚ್ಚಿದ ನೋವು, ಆಮೇಲೆ ಒಳಗೆ ಲೋಹಕ್ಕೆ ತಾಗಿ ನಿಂತದ್ದು ನನಗೂ ಗೊತ್ತಾಯಿತು. ನೀರು ಎಳೆಯಬೇಕಾಗಲೇ ಇಲ್ಲ. ಸಿರಿಂಜಿನ ಹಿಡಿ ತಾನಾಗೇ ಹಿಂದಕ್ಕೆ ಸರಿಯುತ್ತಾ ಬಂತು, ಒಳಗೆ ಅಷ್ಟು ಒತ್ತಡ. ಎದ್ದು ಕೂತ ಮೇಲೆ ಒಂದು ಲೋಟ ನೀರು ಕೈಗೆ ಕೊಟ್ಟು ಕುಡಿಯಿರಿ ಅಂದರು. ಅಷ್ಟು ವರ್ಷ ಗುಟುಕು ಗುಟುಕಾಗಿ ಕುಡಿದವರಿಗೆ ಒಂದೇ ಉಸಿರಿಗೆ ಲೋಟ ಖಾಲಿಯಾಗುವುದು ಏನು ಅಂತ ಬ್ಯಾಂಡ್ ಇದ್ದವರಿಗೇ ಗೊತ್ತು.

ಕೆಮ್ಮು ಆ ವಾರದಲ್ಲೇ ಹೋಯಿತು. ಇದರಿಂದ ಒಂದು ವಿಷಯ ಖಾತ್ರಿ ಆಯಿತು: ತೊಂದರೆ ಬ್ಯಾಂಡಿನದೇ, ಶ್ವಾಸಕೋಶದ್ದಲ್ಲ. ಕೆಲವು ವಾರ ಬಿಟ್ಟು ಮತ್ತೆ ಬೇರಿಯಂ ಮಾಡಿಸಿದರೆ ಅನ್ನನಾಳ ಮೊದಲಿನ ಅಳತೆಗೆ ಬರುತ್ತಿದೆಯಾ ಅಂತಲೂ ಕಾಣುತ್ತದೆ, ನನ್ನದು ಬಹುಪಾಲು ಬಂತು. ಅರಿವಳಿಕೆ ಬೇಕಿಲ್ಲ, ಖರ್ಚೂ ಕಡಿಮೆ. ಹಾಗಂತ ಖಾಲಿ ಬ್ಯಾಂಡನ್ನು ಹಾಗೇ ಬಿಟ್ಟುಕೊಂಡು ಕೂರುವುದು ನನಗೆ ಒಪ್ಪಿಗೆಯಾಗಲಿಲ್ಲ. ತೂಕಕ್ಕೆ ಅದರಿಂದ ಚಿಕ್ಕಾಸಿನ ಉಪಯೋಗ ಇಲ್ಲ, ಆದರೆ ಜಾರುವ, ಕೊರೆಯುವ ಭಯ ಮಾತ್ರ ಉಳಿದಿರುತ್ತದೆ.

ತೆಗೆಸಿದ್ದು ಲ್ಯಾಪರೊಸ್ಕೋಪಿಯಲ್ಲೇ, ಮಾರನೇ ದಿನ ಮನೆಗೆ ಕಳಿಸಿದರು. ಒಳಗಿನ ಗಾಯಗಳಿಗಿಂತ ಪೋರ್ಟ್ ತೆಗೆದ ಜಾಗವೇ ಜಾಸ್ತಿ ನೋಯಿತು. ಸರ್ಜನ್ ಹತ್ತಿರ ಒಂದು ಮಾತು ಮುಂಚೆಯೇ ಕೇಳಿಕೊಳ್ಳಿ: ಬ್ಯಾಂಡ್ ಸುತ್ತ ವರ್ಷಗಳಿಂದ ಗಟ್ಟಿಯಾಗಿ ಬೆಳೆದ ಪೊರೆಯನ್ನು ಕತ್ತರಿಸುತ್ತಾರಾ, ಬ್ಯಾಂಡ್ ನಿಲ್ಲಲಿ ಅಂತ ಹಿಂದೆ ಜಠರವನ್ನು ಮಡಚಿ ಹಾಕಿದ ಹೊಲಿಗೆ ಬಿಚ್ಚುತ್ತಾರಾ? ಬ್ಯಾಂಡ್ ಹೊರಗೆ ಬಂದರೂ ಆ ಪೊರೆ ಉಳಿದರೆ ಅದೇ ಉಂಗುರದ ಹಾಗೆ ಹಿಡಿದುಕೊಳ್ಳಬಹುದು.

ತೂಕ? ಬಂತು. ಬರದೆ ಇರುತ್ತಾ! ತೆಗೆಸಿ ಸುಮ್ಮನಿದ್ದರೆ ಬಹುತೇಕರಿಗೆ ವಾಪಸ್ ಬರುತ್ತದೆ. ಇಳಿದದ್ದರಲ್ಲಿ ಅರ್ಧದಷ್ಟು ನನಗೆ ಮರಳಿತು. ಈಗ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಳ್ಳುತ್ತೇನೆ, ತೂಕ ಇಳಿಸಲು ಅಂತಲೇ ಅದಕ್ಕೆ 2021ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ನಿಲ್ಲಿಸಿದರೆ ಹಸಿವು ಮರಳುತ್ತದೆ, ತಿಂಗಳು ತಿಂಗಳು ದುಡ್ಡು ಬೇಕು, ಶುರುವಿನಲ್ಲಿ ಹೊಟ್ಟೆ ತೊಳಸುತ್ತದೆ. ಆದರೂ ರಾತ್ರಿ ನಿದ್ದೆ ಮಾಡುತ್ತಿದ್ದೇನೆ, ಒಂದೇ ದಿಂಬಿನ ಮೇಲೆ.

ಗೆಳತಿಯ ಬೈಪಾಸ್ ನೋಡಿದರೆ, ಬರೀ ತೂಕದ ಲೆಕ್ಕದಲ್ಲಿ ಅವಳೇ ಗೆದ್ದಳು ಅನ್ನಬೇಕು. ಎದೆಯುರಿ ಹೋಯಿತು, ಸಕ್ಕರೆ ಕಾಯಿಲೆಯ ಮಾತ್ರೆಗಳೂ ಕಡಿಮೆಯಾದವು. ಎದೆಯುರಿ ಮತ್ತು ಸಕ್ಕರೆ ಕಾಯಿಲೆ ಎರಡೂ ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅವಳ ಶಿಸ್ತು ನನ್ನದಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಬದುಕಿರುವವರೆಗೂ ತಗೊಳ್ಳಬೇಕು, ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ನಾನು ಐದು ದಿನದ ಕೋರ್ಸನ್ನೇ ಪೂರ್ತಿ ನುಂಗುವವರ ಪೈಕಿ ಅಲ್ಲ. ಅದಕ್ಕಿಂತ ದೊಡ್ಡ ಕಾರಣ ನನ್ನ ಮಂಡಿ. ಸಂಧಿವಾತಕ್ಕೆ ಡೈಕ್ಲೋಫೆನಾಕ್ ಇಲ್ಲದೆ ಕೆಲವು ವಾರ ಮೆಟ್ಟಿಲು ಹತ್ತಲು ಆಗುವುದಿಲ್ಲ. ಬೈಪಾಸ್ ಆದವರು ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಥರದ ನೋವಿನ ಮಾತ್ರೆಗಳಿಂದ ದೂರ ಇರಬೇಕು, ಜಠರ ಮತ್ತು ಕರುಳು ಸೇರಿಸಿದ ಜಾಗದಲ್ಲಿ ಹುಣ್ಣಾಗಬಹುದು. ಅಲ್ಲಿಗೆ ನನ್ನ ಮಟ್ಟಿಗೆ ಬೈಪಾಸ್ ಮಾತು ಮುಗಿಯಿತು.

ಸ್ಲೀವ್: ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ, ವಾಪಸ್ ಬರುವ ದಾರಿಯಿಲ್ಲ. ಎದೆಯುರಿ ಇರುವವರಿಗೆ ಅದು ಇನ್ನೂ ಜಾಸ್ತಿಯಾಗಬಹುದು. ರಾತ್ರಿಗಳ ಆ ಅನುಭವ ಆದ ಮೇಲೆ ಅದರ ಹತ್ತಿರ ಹೋಗುವ ಧೈರ್ಯವೇ ಬರಲಿಲ್ಲ.

ತೆಗೆಯುವುದು, ಹೊಸದು ಮಾಡುವುದು, ಎರಡನ್ನೂ ಒಂದೇ ಸಲಕ್ಕೆ ಮುಗಿಸೋಣ ಅಂತ ಕೆಲವರು ಹೇಳುತ್ತಾರೆ. ಒಂದೇ ಅರಿವಳಿಕೆ, ಒಂದೇ ಬಿಲ್ಲು, ಆಸೆ ಆಗುತ್ತದೆ. ಗೆಳತಿಯ ಸರ್ಜನ್ ಒಪ್ಪಲಿಲ್ಲ, ಕೆಲವು ತಿಂಗಳು ಕಾಯಿಸಿದರು. ಬ್ಯಾಂಡ್ ಇದ್ದ ಜಾಗದ ದಪ್ಪ, ಊದಿದ ಗೋಡೆಯ ಮೇಲೆ ಸ್ಟೇಪಲ್ ಹಾಕಿದರೆ ಸೋರುವ ಅಪಾಯ ಜಾಸ್ತಿ ಅನ್ನುವುದು ಅವರ ಮಾತು. ಎಲ್ಲ ಸರ್ಜನ್‌ಗಳೂ ಇದನ್ನು ಒಪ್ಪುವುದಿಲ್ಲ, ಆದರೆ ನನಗೆ ಇನ್ನೊಂದು ಕಾರಣಕ್ಕೆ ಇದೇ ಸರಿ ಅನ್ನಿಸುತ್ತದೆ. ಬ್ಯಾಂಡ್ ಇಲ್ಲದೆ ನಾಲ್ಕು ತಿಂಗಳು ಬದುಕಿ ನೋಡಿದರೆ ಮುಂದೇನು ಬೇಕು ಅನ್ನುವ ಲೆಕ್ಕವೇ ಬದಲಾಗುತ್ತದೆ.

ದುಡ್ಡಿನ ಮಾತು. ರಿಪೇರಿ ತೆಗೆಸುವುದಕ್ಕಿಂತ ಅಗ್ಗ ಅಂತ ಕೇಳಿಸುತ್ತದೆ, ಆದರೆ ಅದು ಕೊನೆಯ ಆಪರೇಷನ್ ಆದರೆ ಮಾತ್ರ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ದಾಖಲೆಗಳನ್ನು ಆಧರಿಸಿ 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬ್ಯಾಂಡ್ ಹಾಕಿಸಿಕೊಂಡ 25,042 ಜನರಲ್ಲಿ ಶೇಕಡಾ 18.5ರಷ್ಟು ಮಂದಿಗೆ ಮತ್ತೆ ಆಪರೇಷನ್ ಆಗಿತ್ತು, ಹಾಗೆ ಆದವರಿಗೆ ಸರಾಸರಿ 3.8 ಸಲ! ಒಂದು ಸಲ ಕೈ ಹಾಕಿದ ಮೇಲೆ ಹಾಕುತ್ತಲೇ ಇರಬೇಕಾಗುತ್ತದೆ ಅಂತಲೇ ಅರ್ಥ. ನಾನಂತೂ ರಿಪೇರಿಗೂ ಕೊಟ್ಟೆ, ಅದನ್ನೇ ತೆಗೆಯಲೂ ಕೊಟ್ಟೆ. ವಿಮೆ ಇದ್ದರೆ ಫೈಲ್‌ನಲ್ಲಿ ಏನು ಬರೆಯುತ್ತಾರೆ ಅಂತ ಮೊದಲೇ ನೋಡಿ. ಬ್ಯಾಂಡ್ ಜಾರಿದ ತೊಡಕಿಗೆ ಚಿಕಿತ್ಸೆ ಅಂತ ಬರೆದರೆ ಒಂದು ಉತ್ತರ, ತೂಕ ಇಳಿಸಲು ಅಂತ ಬರೆದರೆ ಇನ್ನೊಂದು ಉತ್ತರ ಬರಬಹುದು. ಉತ್ತರವನ್ನು ಬಾಯಿಮಾತಲ್ಲಿ ನಂಬಬೇಡಿ, ಬರೆಸಿಕೊಳ್ಳಿ.

ಹಾಗಾದರೆ ರಿಪೇರಿ ಯಾರಿಗೂ ಬೇಡವಾ? ವರ್ಷಗಟ್ಟಲೆ ಬ್ಯಾಂಡ್ ಚೆನ್ನಾಗಿ ಕೆಲಸ ಮಾಡಿದೆ, ತೂಕ ನಿಂತಿದೆ, ರಾತ್ರಿ ತೊಂದರೆಯಿಲ್ಲ, ಮೊದಲ ಸಲ ಜಾರಿದೆ, ಬೇರಿಯಂನಲ್ಲಿ ಅನ್ನನಾಳ ಸರಿಯಾಗಿದೆ, ಹದ ಮಾಡಿಕೊಡುವ ಡಾಕ್ಟರು ಹತ್ತಿರದಲ್ಲೇ ಇದ್ದಾರೆ. ಇಷ್ಟೂ ಇದ್ದವರು ಬೇಕಾದರೆ ಯೋಚಿಸಲಿ. ಒಂದು ಕಮ್ಮಿಯಿದ್ದರೂ ತೆಗೆಸಿ. ತೆಗೆಸುವಾಗ ಜಠರದ ಗೋಡೆ ಒಳಗೆ ಹೇಗಿತ್ತು, ಪೊರೆ ಎಷ್ಟು ಕತ್ತರಿಸಿದರು, ಯಾವ ಮಾದರಿಯ ಬ್ಯಾಂಡ್, ಇದೆಲ್ಲ ಇರುವ ಆಪರೇಷನ್ ನೋಟಿನ ಪ್ರತಿ ಇಸಿದುಕೊಂಡೇ ಆಸ್ಪತ್ರೆ ಬಿಡಿ. ಮುಂದೆ ಸ್ಲೀವ್‌ಗೋ ಬೈಪಾಸ್‌ಗೋ ಹೋದರೆ ಹೊಸ ಸರ್ಜನ್ ಮೊದಲು ಕೇಳುವುದು ಆ ಕಾಗದವನ್ನೇ.