ಗಿಣ್ಣು ಹಾಲಿನ ಪುಡಿ, ಕ್ಯಾಪ್ಸೂಲ್, ಲ್ಯಾಕ್ಟೋಫೆರಿನ್, ಬೌಲಾರ್ಡಿ: ಕರುಳಿನ ಯೀಸ್ಟ್ ಕಾಟಕ್ಕೆ ಯಾವುದು?

ಕರುಳಿನಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ ಹೆಚ್ಚಾಗಿದೆ ಎಂದು ಜನ ಕೊಳ್ಳುವ ಪೂರಕಗಳಿವು. ಗಿಣ್ಣು ಹಾಲಿನ ಡಬ್ಬಿ ಕೈಗೆತ್ತಿಕೊಂಡಾಗ ಮೊದಲು ಹುಡುಕಬೇಕಾದದ್ದು ಒಂದೇ ಅಂಕಿ: ಅದರಲ್ಲಿ ಐಜಿಜಿ ಎಂಬ ಪ್ರತಿಕಾಯ (ರೋಗಾಣುಗಳನ್ನು ಎದುರಿಸುವ ಪ್ರೋಟೀನು) ಶೇಕಡಾ ಎಷ್ಟು? ‘500 ಮಿ.ಗ್ರಾಂ ಕೊಲೊಸ್ಟ್ರಮ್’ (ಗಿಣ್ಣಿನ ಇಂಗ್ಲಿಷ್ ಹೆಸರು) ಎಂದು ದಪ್ಪಕ್ಷರದಲ್ಲಿದ್ದು ಐಜಿಜಿ ಲೆಕ್ಕ ಎಲ್ಲೂ ಕಾಣದಿದ್ದರೆ ಡಬ್ಬಿಯನ್ನು ಅಲ್ಲೇ ಬಿಡಿ. ಹಸು ಕರು ಹಾಕಿದ ಮೇಲಿನ ಮೊದಲ ಕರಾವಿನಲ್ಲೇ ಪ್ರತಿಕಾಯ ತುಂಬಿರುವುದು. ಆಮೇಲೆ ಕರಾವಿನಿಂದ ಕರಾವಿಗೆ ಸರ್ರನೆ ಇಳಿಯುತ್ತದೆ.

ಕ್ಯಾಪ್ಸೂಲ್ ಸೋಲುವುದು ಇಲ್ಲೇ. ಐಜಿಜಿ ಶೇ. 25 ಎಂದಿಟ್ಟುಕೊಂಡರೆ 500 ಮಿ.ಗ್ರಾಂ ಕ್ಯಾಪ್ಸೂಲಿನಲ್ಲಿ ಸಿಗುವುದು 125 ಮಿ.ಗ್ರಾಂ. ಕರುಳಿನ ಒಳಪದರದ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ ಕೊಟ್ಟದ್ದು ದಿನಕ್ಕೆ 10ರಿಂದ 20 ಗ್ರಾಂ ಗಿಣ್ಣು ಪುಡಿ. 10 ಗ್ರಾಂ ಮುಟ್ಟಲು 20 ಕ್ಯಾಪ್ಸೂಲ್ ನುಂಗಬೇಕು! ಪುಡಿಯಾದರೆ ಐದೈದು ಗ್ರಾಮಿನಂತೆ ಎರಡು ಸಲಕ್ಕೆ ಮುಗಿಯಿತು. ಪ್ರಯಾಣದ ದಿನಗಳಿಗೆ ಮಾತ್ರ ಕ್ಯಾಪ್ಸೂಲ್ ಸರಿ.

ಪುಡಿಯಲ್ಲೂ ಕೊಬ್ಬು ತೆಗೆದದ್ದೇ ಮೇಲು. ಕೊಬ್ಬಿರುವ ಪುಡಿಯ ಡಬ್ಬಿ ಒಡೆದ ಮೇಲೆ ಬೇಗ ಕಮಟು ವಾಸನೆ ಬರುತ್ತದೆ, ನೀರಿಗೆ ಹಾಕಿದರೆ ಮೇಲೆ ತೇಲಿ ಲೋಟದ ಅಂಚಿಗೆ ಅಂಟುತ್ತದೆ. ಯಾವ ಪುಡಿಯನ್ನೂ ಬಿಸಿನೀರಿಗೆ ಹಾಕಬೇಡಿ. ಗಿಣ್ಣು ಹಾಲು ಬಿಸಿಯಾದರೆ ಗಟ್ಟಿಯಾಗುವುದು ಅದರ ಪ್ರೋಟೀನು ರೂಪ ಕೆಟ್ಟು ಹೆಪ್ಪುಗಟ್ಟುವುದರಿಂದ; ನಮಗೆ ಬೇಕಾದ ಪ್ರತಿಕಾಯವೂ ಅದೇ ಪ್ರೋಟೀನಿನಲ್ಲಿದೆ. ಲೋಟದಲ್ಲಿ ಮೊದಲು 100 ಮಿ.ಲೀ. ತಣ್ಣೀರು, ಅದರ ಮೇಲೆ ಪುಡಿ ಉದುರಿಸಿ, ಎರಡು ನಿಮಿಷ ನೆನೆಯಲು ಬಿಟ್ಟು ಕದಡಿ. ಪುಡಿಯ ಮೇಲೆ ನೀರು ಸುರಿದರೆ ತಳದಲ್ಲಿ ಒಳಗೆಲ್ಲ ಒಣಗಿದ ಗಂಟು ಉಳಿಯುತ್ತದೆ.

ಮೊದಲ ದಿನವೇ 10 ಗ್ರಾಂ ಕುಡಿದು ಹೊಟ್ಟೆ ಉಬ್ಬರಿಸಿದರೆ ‘ಯೀಸ್ಟ್ ಸಾಯುತ್ತಿದೆ’ ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ. ಅದು ಲ್ಯಾಕ್ಟೋಸಿನ (ಹಾಲಿನ ಸಕ್ಕರೆ) ಕೆಲಸವೂ ಇರಬಹುದು. 1 ಗ್ರಾಮಿನಿಂದ ಶುರುಮಾಡಿ, ಮೂರು ದಿನಕ್ಕೊಮ್ಮೆ ಒಂದೊಂದು ಗ್ರಾಂ ಏರಿಸಿ. ಹಾಲಿನ ಪ್ರೋಟೀನಿನ ಅಲರ್ಜಿ ಇದ್ದವರು ಇದನ್ನೂ ಹಾಲಿನದೇ ಇನ್ನೊಂದು ಪ್ರೋಟೀನಾದ ಲ್ಯಾಕ್ಟೋಫೆರಿನ್ನನ್ನೂ ಮುಟ್ಟಲೇಬಾರದು.

ಇಷ್ಟಾದರೂ ಗಿಣ್ಣು ಕ್ಯಾಂಡಿಡಾವನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುತ್ತದೆ ಎಂದು ನಂಬಬೇಡಿ. ಅದರ ಪ್ರತಿಕಾಯಗಳು ಆ ಹಸು ಎದುರಿಸಿದ ರೋಗಾಣುಗಳಿಗೆ ತಯಾರಾದವು. ಅದರಿಂದ ನಿರೀಕ್ಷಿಸಬಹುದಾದದ್ದು ಕರುಳಿನ ಒಳಪದರಕ್ಕೆ ಒಂದಿಷ್ಟು ಆಸರೆ.

ಯೀಸ್ಟಿಗೆ ಬೇಕಾದ ಕಬ್ಬಿಣವನ್ನು ಹಿಡಿದಿಡುವುದು ಲ್ಯಾಕ್ಟೋಫೆರಿನ್. ಕಬ್ಬಿಣ ತೆಗೆದ ‘ಅಪೊ’ ರೂಪವನ್ನೇ ಕೇಳಿ ತೆಗೆದುಕೊಳ್ಳಿ. 250 ಮಿ.ಗ್ರಾಂ ಲ್ಯಾಕ್ಟೋಫೆರಿನ್ ಹಿಡಿಯಬಲ್ಲ ಕಬ್ಬಿಣ ಹೆಚ್ಚೆಂದರೆ 0.35 ಮಿ.ಗ್ರಾಂ ಆಸುಪಾಸು, ಜೊತೆಗೇ ಕಬ್ಬಿಣದ ಮಾತ್ರೆ ನುಂಗಿದರೆ ಅದು ಅಲ್ಲೇ ತುಂಬಿಹೋಗುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಇದು ಕ್ಯಾಂಡಿಡಾವನ್ನು ತಡೆದದ್ದು ನಿಜ, ಆದರೆ ಕರುಳು ತಟ್ಟೆಯಲ್ಲ.

ಆಂಟಿಬಯಾಟಿಕ್ ನಂತರ ಹೊಟ್ಟೆ ಕೆಟ್ಟಿದ್ದರೆ ಮೊದಲ ಆಯ್ಕೆ ಸ್ಯಾಕರೊಮೈಸಿಸ್ ಬೌಲಾರ್ಡಿ, 250 ಮಿ.ಗ್ರಾಂ ದಿನಕ್ಕೆರಡು ಸಲ. ಇದೂ ಯೀಸ್ಟೇ ಆದ್ದರಿಂದ ಆಂಟಿಬಯಾಟಿಕ್ ಇದನ್ನು ಕೊಲ್ಲುವುದಿಲ್ಲ. ಫ್ಲುಕೊನಜೋಲ್, ನಿಸ್ಟಾಟಿನ್‌ನಂಥ ಯೀಸ್ಟ್ ವಿರೋಧಿ ಔಷಧಗಳು ಇದನ್ನು ಕೊಲ್ಲಬಹುದು ಇಲ್ಲವೇ ಬೆಳೆಯದಂತೆ ತಡೆಯಬಹುದು. ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಸೇವಿಸಬಾರದು, ಅಂಥವರ ಹತ್ತಿರ ಕ್ಯಾಪ್ಸೂಲ್ ಬಿಚ್ಚಲೂಬಾರದು. ಯೀಸ್ಟ್ ರಕ್ತಕ್ಕೆ ಸೇರುವ ಅಪಾಯವಿದೆ.

ಬಾಯಲ್ಲಿ ಬಿಳಿ ಪದರ, ನುಂಗುವಾಗ ನೋವು ಇದ್ದರೆ ಇವ್ಯಾವುದೂ ಸಾಲದು, ವೈದ್ಯರ ಔಷಧವೇ ಬೇಕು. ಮಲಪರೀಕ್ಷೆಯಲ್ಲಿ ಕ್ಯಾಂಡಿಡಾ ಕಂಡ ಮಾತ್ರಕ್ಕೆ ರೋಗವೆಂದಲ್ಲ, ಆರೋಗ್ಯವಂತರ ಕರುಳಲ್ಲೂ ಅದು ಇರುತ್ತದೆ. ಬೌಲಾರ್ಡಿ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಕೊಡುವ ಮುನ್ನ ಲ್ಯಾಬಿನವರಿಗೆ ಹೇಳಿ. ವರದಿಯಲ್ಲಿ ಕಾಣುವ ಯೀಸ್ಟ್ ನೀವೇ ನುಂಗಿದ್ದೂ ಇರಬಹುದು.