ನಸುಗುನ್ನಿ ಪುಡಿಯ ಡಬ್ಬಿ ಮತ್ತು ಪಬ್‌ಮೆಡ್: ಈ ಜಾಲತಾಣವನ್ನು ಒಂದು ವರ್ಷ ಬಳಸಿದ ಮೇಲೆ

ಅಪ್ಪನಿಗೆ ಪಾರ್ಕಿನ್ಸನ್ ಎಂಬ ನಡುಕದ ನರರೋಗ ಇದೆ ಅಂತ ಗೊತ್ತಾಗಿ ಆರು ವರ್ಷವಾಯಿತು. ತೀರ್ಥಹಳ್ಳಿಯ ಮನೆಯಲ್ಲಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಚಿಕ್ಕಪ್ಪ ಒಂದು ಡಬ್ಬಿ ತಂದುಕೊಟ್ಟರು. ಒಳಗೆ ನಸುಗುನ್ನಿ ಬೀಜದ ಪುಡಿ. "ಹಾಲಲ್ಲಿ ಕಲಸಿ ಕೊಡು ಮಗಾ, ಮಾತ್ರೆ ಬಿಟ್ಟುಬಿಡ್ಲಿ. ಫಾರಿನ್‌ನೋರೇ ಸಂಶೋಧನೆ ಮಾಡಿದಾರಂತೆ, ವಾಟ್ಸಾಪಲ್ಲಿ ಬಂದಿತ್ತು" ಅಂದರು. ಆ ಸಂಶೋಧನೆ ಯಾವುದು ಅಂತ ಹುಡುಕುತ್ತಾ ಹೋಗಿ, ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್ ಸಿಕ್ಕಿತು.

ಇದನ್ನು ನಡೆಸುವುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ. ವೈದ್ಯಕೀಯ, ನರವಿಜ್ಞಾನ, ಜೀವವಿಜ್ಞಾನಗಳ 3.5 ಕೋಟಿಗೂ ಹೆಚ್ಚು ಪ್ರಬಂಧಗಳ ವಿವರ ಇದರಲ್ಲಿದೆ. 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ ಅಚ್ಚಿನ ಸೂಚಿಯಾಗಿ ಶುರುವಾದ ಕೆಲಸ, 1997ರಿಂದ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಉಚಿತ. ಲಾಗಿನ್ ಬೇಡ, ಜಾಹೀರಾತಿನ ಕಾಟ ಇಲ್ಲ.

ನಸುಗುನ್ನಿಯ ಸಸ್ಯಶಾಸ್ತ್ರೀಯ ಹೆಸರು ಮ್ಯೂಕುನಾ ಪ್ರೂರಿಯೆನ್ಸ್. ಅದನ್ನೂ ಪಾರ್ಕಿನ್ಸನ್ ಅನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಎಡಗಡೆಯ ಪಟ್ಟಿಯಲ್ಲಿ 'ಕ್ಲಿನಿಕಲ್ ಟ್ರಯಲ್' (ಜನರ ಮೇಲೆ ನಡೆಸಿದ ಪರೀಕ್ಷೆ) ಅಂತ ಗುರುತು ಹಾಕಿದೆ. ಲಂಡನ್ನಿನ ನರರೋಗ ತಜ್ಞರು 2004ರಲ್ಲಿ ಪ್ರಕಟಿಸಿದ ಪ್ರಬಂಧ ಸಿಕ್ಕಿತು. ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ. 30 ಗ್ರಾಂ ಬೀಜದ ಪುಡಿ ಕೊಟ್ಟಾಗ 34.6 ನಿಮಿಷಕ್ಕೆ ಅದರ ಪರಿಣಾಮ ಶುರುವಾಗಿದೆ, ಮಾತ್ರೆಗೆ 68.5 ನಿಮಿಷ ಬೇಕಾಗಿದೆ. ಆದರೆ ಪರೀಕ್ಷೆಗೆ ಒಳಪಟ್ಟವರು ಬರೀ 8 ಜನ, ಪ್ರತಿ ಸಲ ಒಂದೇ ಡೋಸ್. ದೀರ್ಘಕಾಲದ ಅಧ್ಯಯನ ಆಗಬೇಕು ಅಂತ ಬರೆದವರೇ ಹೇಳಿದ್ದಾರೆ. ಬೀಜದಲ್ಲಿರುವುದೂ ಅಪ್ಪನ ಮಾತ್ರೆಯಲ್ಲಿರುವುದೂ ಒಂದೇ ಔಷಧ, ಲೆವೊಡೋಪಾ ಅನ್ನುವುದು ಓದಿದಾಗಲೇ ನನಗೆ ತಿಳಿದಿದ್ದು.

ಸಾರಾಂಶದ ಪುಟವನ್ನು ಪ್ರಿಂಟ್ ತೆಗೆಸಿ, ಜಗಲಿಯಲ್ಲಿ ಕೂತು ಚಿಕ್ಕಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕನ್ನಡಕ ಏರಿಸಿಕೊಂಡು ಆ ಅಂಕೆಯ ಮೇಲೇ ಬೆರಳಿಟ್ಟು ಕೇಳಿದರು, "ಎಂಟೇ ಜನಾನಾ?" ಅದೇ ಪುಟವನ್ನು ಶಿವಮೊಗ್ಗದ ಡಾಕ್ಟರಿಗೂ ತೋರಿಸಿದೆ. ಪುಡಿಯಲ್ಲಿ ಔಷಧದ ಅಂಶ ಎಷ್ಟಿರುತ್ತದೆ ಅಂತ ಲೆಕ್ಕ ಸಿಗುವುದಿಲ್ಲ, ಮಾತ್ರೆಯ ಜೊತೆ ಕೊಟ್ಟರೆ ಡೋಸ್ ಹೆಚ್ಚಾಗುತ್ತದೆ, ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದಂತೂ ಅಪಾಯ ಅಂದರು. ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ.

ನಮಗೆ ನಿಜವಾಗಿ ಉಪಕಾರವಾಗಿದ್ದು ಇನ್ನೊಂದು ಹುಡುಕಾಟದಿಂದ. ಪ್ರೋಟೀನ್ ಕರಗಿ ಬರುವ ಅಮೈನೊ ಆಮ್ಲಗಳೂ ಲೆವೊಡೋಪಾವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಒಂದೇ ಬಾಗಿಲಲ್ಲಿ ನುಗ್ಗಬೇಕು; ಎರಡೂ ಒಟ್ಟಿಗೆ ಬಂದರೆ ಔಷಧಕ್ಕೆ ದಾರಿ ಸರಿಯಾಗಿ ಸಿಗುವುದಿಲ್ಲ. ನಾನೋ, ಬೆಳಿಗ್ಗೆ ಪ್ರೋಟೀನ್ ಇರುವ ಹೆಸರುಕಾಳು ಉಸಲಿಯ ಜೊತೆಗೇ ಮಾತ್ರೆ ಕೊಡುತ್ತಿದ್ದೆ. ಡಾಕ್ಟರನ್ನು ಕೇಳಿ ತಿಂಡಿಗೆ ಅರ್ಧ ಗಂಟೆ ಮೊದಲು ಕೊಡಲು ಶುರು ಮಾಡಿದೆ. ಈಗ ಹೆಚ್ಚಿನ ದಿನ ಅಪ್ಪ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಮೇಲಿನದು ಮಾತ್ರ ಆಗುವುದಿಲ್ಲ, ಅದಕ್ಕೆ ನನ್ನನ್ನು ಕರೆಯುತ್ತಾರೆ.

ಕೊರತೆಗಳೂ ಇವೆ. ಸಾರಾಂಶ ಓದಿ ಆಸೆಯಿಂದ ಪೂರ್ತಿ ಪ್ರಬಂಧಕ್ಕೆ ಹೋದರೆ ಎಷ್ಟೋ ಸಲ ಪ್ರಕಾಶಕರ ಬಾಗಿಲು ಮುಚ್ಚಿರುತ್ತದೆ. ಅಪ್ಪನ ನಿದ್ದೆಯ ತೊಂದರೆಯ ಬಗ್ಗೆ ಹತ್ತು ಪುಟ ಓದಲು ಒಂದು ಕಡೆ ಡಾಲರಿನಲ್ಲಿ ಕೇಳಿದ ದುಡ್ಡು ನಮ್ಮ ಮನೆಯ ಒಂದು ವಾರದ ದಿನಸಿಯಷ್ಟಿತ್ತು. ಕಾಯಿಲೆಯವರ ಮನೆಯಿಂದ ಹೀಗೆ ಕೇಳುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. 'ಫ್ರೀ ಫುಲ್ ಟೆಕ್ಸ್ಟ್' ಅಂತ ಗುರುತು ಹಾಕಿದರೆ ಪೂರ್ತಿ ಓದಲು ಸಿಗುವಂಥವು ಮಾತ್ರ ಬರುತ್ತವೆ. ಮೊಬೈಲಿನಲ್ಲಿ ಆ ಪಟ್ಟಿಯನ್ನು ಹುಡುಕಿ ತೆಗೆಯಬೇಕು.

ಇನ್ನೊಂದು ಮಾತು. ಪಬ್‌ಮೆಡ್‌ನಲ್ಲಿದೆ ಅಂದಮಾತ್ರಕ್ಕೆ ಅದು ಸತ್ಯ ಅಂತಲ್ಲ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಪ್ರಬಂಧ ಈಗಲೂ ಅಲ್ಲಿದೆ. 2010ರಲ್ಲಿ ಅದನ್ನು ಹಿಂದಕ್ಕೆ ಪಡೆದ ಸೂಚನೆಯೂ ಜೊತೆಗೇ ಇದೆ, ನೋಡುವ ತಾಳ್ಮೆ ನಮಗಿರಬೇಕು. ಇಂಗ್ಲಿಷ್ ಓದಲು ಬರದ ನನ್ನ ಅಮ್ಮನಂಥವರಿಗೆ ಈ ತಾಣದಿಂದ ನೇರವಾಗಿ ಏನೂ ಸಿಗುವುದಿಲ್ಲ ಅನ್ನುವುದೇ ನನಗೆ ದೊಡ್ಡ ಸಂಕಟ. ಹಾಗಾಗಿ ಓದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಶಿವಮೊಗ್ಗಕ್ಕೆ ತಪಾಸಣೆಗೆ ಹೋಗುವ ಹಿಂದಿನ ರಾತ್ರಿ ಅಮ್ಮ ಅದನ್ನು ಓದಿ, ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡುತ್ತಾರೆ.