ಮೇಣದ ಜಾಕೆಟ್ಟೋ, ನೀರಿನ ಜಾಕೆಟ್ಟೋ?

ನಂದು ಬೀಜದ ಕಂಪನಿ ಕೆಲಸ. ಮುಂಗಾರಿಗೆ ಮೊದಲೇ ಅಂಗಡಿಗಳಿಗೆ ಮಾಲು ಮುಟ್ಟಿಸಬೇಕು, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲೇ ಓಡಾಟ ಜಾಸ್ತಿ. ರಾಯಚೂರಿಂದ ಮಾನ್ವಿ, ಅಲ್ಲಿಂದ ಸಿಂಧನೂರು. ಎಲ್ಲಾ ಬೈಕಿನ ಮೇಲೆ, 42 ಡಿಗ್ರಿ ಬಿಸಿಲಲ್ಲಿ. ಹೋದ ವರ್ಷ ಮಾನ್ವಿ ರಸ್ತೆಯಲ್ಲಿ ಕಣ್ಣು ಕತ್ತಲೆ ಬಂದು, ಬೈಕ್ ನಿಲ್ಲಿಸಿ ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂತಿದ್ದೆ. ಅವತ್ತು ರಾತ್ರಿಯೇ ಮೊಬೈಲಿನಲ್ಲಿ ‘ತಂಪು ಬಟ್ಟೆ’ ಹುಡುಕೋಕೆ ಶುರು ಮಾಡಿದೆ. ಈ ಬೇಸಿಗೆ ಪೂರ್ತಿ ಒಂದೊಂದಾಗಿ ಹಾಕ್ಕೊಂಡು ನೋಡಿದ್ದೇನೆ.

ಮೊದಲು ಡ್ರೈ-ಫಿಟ್ ಟೀಶರ್ಟ್. ಪಾಲಿಯೆಸ್ಟರ್ ತಾನಾಗಿ ನೀರು ಹೀರುವುದಿಲ್ಲ, ಬೆವರನ್ನು ಎಳೆಗಳ ನಡುವೆ ಎಳೆದು ಬಟ್ಟೆ ತುಂಬಾ ಹರಡುತ್ತದೆ. ಆದ್ದರಿಂದ ಬೇಗ ಒಣಗುತ್ತದೆ. ಆಟದ ಮೈದಾನಕ್ಕೆ ಸರಿ. ನಮ್ಮ ಬಿಸಿಲಲ್ಲಿ ಬೆವರು ತಾನೇ ಆವಿಯಾಗಿ ಹೋಗುತ್ತದೆ, ಅದಕ್ಕೆ ಟೀಶರ್ಟಿನ ಸಹಾಯವೇ ಬೇಕಿಲ್ಲ. ಸಂಜೆ ಹೊತ್ತಿಗೆ ವಾಸನೆ ಬೇರೆ. ನನ್ನ ಹಳೇ ಬಿಳಿ ಹತ್ತಿ ಅಂಗಿಗಿಂತ ಹೆಚ್ಚು ತಂಪು ಅನಿಸಲಿಲ್ಲ.

ಕೈಗೆ ಹಾಕೋ ‘ಐಸ್’ ತೋಳುಗಳ ಬಗ್ಗೆ ಎರಡೇ ಮಾತು. ಮುಟ್ಟಿದಾಗಿನ ತಂಪು ಒಂದು ನಿಮಿಷವೂ ಇರೋದಿಲ್ಲ. ಆದರೆ ಕೈ ಸುಡೋದು ನಿಂತಿತು, ಅಷ್ಟಕ್ಕಾದರೂ ಇರಲಿ.

ನಿಜವಾದ ಪೈಪೋಟಿ ಎರಡು ಜಾಕೆಟ್ಟುಗಳದ್ದು.

ಒಂದು ಮೇಣದ್ದು. ನಾಲ್ಕು ಜೇಬು, ಒಂದೊಂದರಲ್ಲೂ ಮೇಣದಂಥ ವಸ್ತು ತುಂಬಿದ ಚಪ್ಪಟೆ ಪ್ಯಾಕು. ಇದು 21 ಡಿಗ್ರಿಗೆ ಕರಗುತ್ತದೆ. ಕರಗುವಾಗ ಮೈಯ ಕಾವು ಎಳೆದುಕೊಳ್ಳುತ್ತದೆ, ಪೂರ್ತಿ ಕರಗುವವರೆಗೆ ಅದೇ ತಂಪು ಇರುತ್ತದೆ. 1980ರ ದಶಕದಲ್ಲಿ ಅಮೆರಿಕದ ನಾಸಾ ಗಗನಯಾತ್ರಿಗಳ ಕೈಗವಸಿಗಾಗಿ ಇದೇ ಜಾತಿಯ ವಸ್ತುವನ್ನು ಬಟ್ಟೆಗೆ ಸೇರಿಸೋ ಪ್ರಯೋಗ ಮಾಡಿಸಿತ್ತು. ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಹಾಕ್ಕೊಂಡೆ. ಆಹಾ, ಬಾವಿಕಟ್ಟೆಗೆ ಬೆನ್ನು ಕೊಟ್ಟು ಕೂತ ಹಾಗೆ! ಐಸಿನಂತೆ ಚುಚ್ಚೋದಿಲ್ಲ, ಅಂಗಿ ಒದ್ದೆಯಾಗೋದಿಲ್ಲ. ಅಂಗಡಿಯವರ ಮುಂದೆ ನಿಂತಾಗಲೂ ಮರ್ಯಾದೆಯಾಗಿ ಕಾಣುತ್ತದೆ.

ಆದರೆ ಮಾನ್ವಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪ್ಯಾಕುಗಳು ಎಣ್ಣೆ ಪಾಕೀಟಿನ ಹಾಗೆ ಮೆತ್ತಗಾದವು. ಆಮೇಲೆ? ಸುಮ್ನೆ ಎರಡು ಕೆಜಿ ಭಾರ. ಸಿಂಧನೂರಿನಲ್ಲಿ ಪರಿಚಯದ ಹೋಟೆಲಿನವರನ್ನು ಕೇಳಿ ಅವರ ಫ್ರಿಜ್ಜಿನಲ್ಲಿ, ಹಾಲಿನ ಪಾಕೀಟುಗಳ ನಡುವೆ ಇಡಿಸಿದೆ. ಗಟ್ಟಿಯಾಗೋಕೆ ಎರಡು ತಾಸು ಬೇಕು, ನಡುವೆ ಕರೆಂಟು ಹೋಯಿತು. ಖಾಲಿ ಜಾಕೆಟ್ಟಿನಲ್ಲಿ ವಾಪಸ್ ಬಂದೆ.

ಇನ್ನೊಂದು ನೀರಿನದ್ದು. ಎರಡು ಪದರಗಳ ನಡುವೆ ನೀರು ಕುಡಿದು ಉಬ್ಬೋ ಹರಳುಗಳಿವೆ. ಮಕ್ಕಳ ಡೈಪರ್ ಒಳಗಿರುತ್ತಲ್ಲ, ಅದೇ ಜಾತಿ. (ನನ್ನ ಹೆಂಡತಿ ಇದಕ್ಕೆ ‘ದೊಡ್ಡವರ ಡೈಪರ್’ ಅಂತ ಹೆಸರಿಟ್ಟಿದ್ದಾಳೆ.) ಬಕೀಟಿನಲ್ಲಿ ಹತ್ತು ನಿಮಿಷ ಅದ್ದಿ, ಹಿಂಡಿ, ಹಾಕ್ಕೊಳ್ಳೋದು. ಅರ್ಧ ಲೀಟರಿನಷ್ಟು ನೀರು ಹಿಡಿಯುತ್ತದೆ. ಅರ್ಧ ಲೀಟರಿಂದ ಏನಾಗುತ್ತೆ ಅಂತ ನನಗೂ ಅನಿಸಿತ್ತು. ಲೆಕ್ಕ ಹಾಕಿ ನೋಡಿದೆ. ಒಂದು ಕೆಜಿ ಮೇಣ ಕರಗೋಕೆ ಸುಮಾರು 200 ಕಿಲೋಜೂಲ್ ಕಾವು ಸಾಕು. ಒಂದು ಕೆಜಿ ನೀರು ಆವಿಯಾಗೋಕೆ ಸುಮಾರು 2,400 ಬೇಕು. ಅಂದರೆ ಅರ್ಧ ಲೀಟರ್ ನೀರು ಎರಡು ಕೆಜಿ ಮೇಣದ ಮೂರು ಪಟ್ಟು ಕೆಲಸ ಮಾಡುತ್ತದೆ. ಅದೆಲ್ಲಾ ಮೈಯಿಂದಲೇ ಹೋಗೋದಿಲ್ಲ ನಿಜ, ಒಂದು ಪಾಲು ಸುತ್ತಲಿನ ಬಿಸಿ ಗಾಳಿಯಿಂದಲೂ ಬರುತ್ತದೆ. ಆದರೂ ಬೈಕು ಹೊರಟ ಕೂಡಲೇ ಬೆನ್ನು ತಣ್ಣಗಾಯಿತು.

ಪೊಟ್ಟಣದ ಮೇಲೆ ‘ಐದು ತಾಸು’ ಅಂತ ಬರೆದಿತ್ತು. ಬೈಕಿನ ಮೇಲೆ ನನಗೆ ಸಿಕ್ಕಿದ್ದು ಒಂದೇ ತಾಸು. ನಮ್ಮ ಗಾಳಿ ಅಷ್ಟು ಒಣ. ಆದರೆ ನೀರು ಎಲ್ಲಿ ಬೇಕಾದರೂ ಸಿಗುತ್ತದೆ, ಫ್ರಿಜ್ಜು ಸಿಗೋದಿಲ್ಲ. ಒಂದು ತೊಂದರೆ ಇದೆ. ಕುರ್ಚಿಗೆ ಒರಗಿದರೆ ಅಂಗಿ, ಕುರ್ಚಿ ಎರಡೂ ಒದ್ದೆ. ಮಂಗಳೂರಿನ ನನ್ನ ಷಡ್ಕ ಆಸೆಪಟ್ಟು ಒಂದು ತರಿಸಿದರು. ಅಲ್ಲಿ ಗಾಳಿಯಲ್ಲೇ ನೀರು ತುಂಬಿರುವಾಗ ಇನ್ನೆಲ್ಲಿ ಆವಿಯಾಗುತ್ತೆ? ‘ಹಸಿ ಗೋಣಿಚೀಲ ಹೊದ್ದ ಹಾಗಿದೆ’ ಅಂದರು.

ಸಿರವಾರದ ಹತ್ತಿರ ಒಬ್ಬ ಹಿರಿಯ ರೈತರ ಹೊಲಕ್ಕೆ ಹೋಗಿದ್ದೆ. ಜಾಕೆಟ್ಟು ಒಣಗಿತ್ತು, ‘ಸ್ವಲ್ಪ ನೀರು ಬೇಕಿತ್ತು ಕಾಕಾ, ಇದನ್ನ ತೋಯಿಸಬೇಕು’ ಅಂದೆ. ಬೆಲೆ ಕೇಳಿದರು. ಎರಡು ಸಾವಿರ ಅಂದೆ. ಅವರು ಮಾತಾಡದೆ ಹೆಗಲ ಮೇಲಿನ ವಲ್ಲಿಯನ್ನು (ನಮ್ಮ ಕಡೆ ಟವೆಲ್ಲಿಗೆ ಹಾಗನ್ನೋದು) ಗಡಿಗೆ ಪಕ್ಕದ ಬಕೀಟಿಗೆ ಅದ್ದಿ, ಒಂದೇ ತಿರುವು ಹಿಂಡಿ, ತಲೆಗೆ ಸುತ್ತಿ, ತುದಿಯನ್ನು ಕತ್ತಿನ ಮೇಲೆ ಇಳಿಬಿಟ್ಟರು. ‘ಇದಕ ನೂರಾ ಇಪ್ಪತ್ತು ರೂಪಾಯಿ ನೋಡ್ರಿ’ ಅಂದರು. ನಾನೂ ಒಂದು ತಗೊಂಡೆ. ಹತ್ತಿ ವಲ್ಲಿಯ ತಂಪು ಜಾಕೆಟ್ಟಿನಷ್ಟೇ ಚೆನ್ನಾಗಿದೆ, ಆದರೆ ಇಪ್ಪತ್ತು ನಿಮಿಷಕ್ಕೆ ಗರಿಗರಿ ಒಣಗುತ್ತದೆ. ಬೈಕಿನ ಮೇಲೆ ಹಾರಿಹೋಗುತ್ತದೆ, ಹೆಲ್ಮೆಟ್ಟಿನೊಳಗೆ ತೂರೋದಿಲ್ಲ. ಹಾಗಾಗಿ ಬೈಕಿಗೆ ನೀರಿನ ಜಾಕೆಟ್ಟು, ಇಳಿದು ನಡೆಯುವಾಗ ವಲ್ಲಿ. ಟ್ಯಾಂಕಿನ ಮೇಲಿನ ಚೀಲದಲ್ಲಿ ಎರಡು ಲೀಟರಿನ ಬಾಟಲಿ, ಕುಡಿಯೋದಕ್ಕೆ ಬೇರೆ.

ಮೇಣದ ಜಾಕೆಟ್ಟು ಈಗ ಅಪ್ಪನ ಪಾಲಾಗಿದೆ. ಮಧ್ಯಾಹ್ನ ಕರೆಂಟು ಹೋಗುತ್ತಲೇ ಫ್ರಿಜ್ಜಿನಿಂದ ತೆಗೆದು ಬನಿಯನ್ ಮೇಲೆ ಹಾಕ್ಕೊಂಡು, ಪಡಸಾಲೆಯಲ್ಲಿ ಪೇಪರ್ ಓದುತ್ತಾ ಕೂರುತ್ತಾರೆ. ಕದಲದೆ ನೆರಳಲ್ಲಿ ಕೂತವರಿಗೆ ಅದು ಎರಡು ತಾಸು ಬರುತ್ತದೆ. ವಾಪಸ್ ಕೇಳಿದರೆ ಕೊಡೋ ಲಕ್ಷಣ ಕಾಣುತ್ತಿಲ್ಲ.